ಮೂರನೆಯ ಕೂಗು

ಇಲಿ ಬಿದ್ದ ಊರನ್ನು ಬಿಟ್ಟು ಹೊಲಕ್ಕೆ ಹೋದವರು ಎಲ್ಲರನ್ನೂ ಕರೆದುಕೊಂಡು ಹೋಗಲಿಲ್ಲ. ಇದು ನಿಮಗೆ ಗೊತ್ತಿರುವ ಸಂಗತಿ. ನಿಮ್ಮ ಅಜ್ಜಿ ಪ್ಲೇಗಿನ ಕಾಲದ ಮಾತು ತೆಗೆದಾಗ ಹೊಲದಲ್ಲಿ ಗುಡಿಸಲು ಹಾಕಿದ್ದು ಹೇಳಿದ್ದಾಳೆ, ಗುಡಿಸಲಲ್ಲೇ ಹೆರಿಗೆಯಾದದ್ದು ಹೇಳಿದ್ದಾಳೆ, ಆರು ತಿಂಗಳಾದ ಮೇಲೆ ಊರಿಗೆ ಬಂದು ಗೋಡೆಗೆ ಸುಣ್ಣ ಬಳಿದದ್ದೂ ಹೇಳಿದ್ದಾಳೆ. ಊರು ಬಿಟ್ಟ ದಿನ ಎದ್ದು ನಡೆಯಲಾರದವರು ಎಲ್ಲಿದ್ದರು ಅಂತ ನೀವು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಸೀಗೆಪಾಳ್ಯದ ದೊಡ್ಡಲಕ್ಷ್ಮಮ್ಮ ಹೇಳಿದಳು. ಕೇಳಿದವರಿಗೂ ಹೇಳಿದಳು, ಕೇಳದೆ ಎದ್ದು ಹೋಗುತ್ತಿದ್ದವರಿಗೂ ಹಿಂದಿನಿಂದ ಹೇಳಿದಳು. ಅದಕ್ಕೇ ಊರವರು ಅವಳಿಗೆ ಚಿಲಕದ ಲಕ್ಷ್ಮಮ್ಮ ಅಂತ ಹೆಸರಿಟ್ಟರು.

ಸೀಗೆಪಾಳ್ಯ ಮಾಗಡಿ ಸೀಮೆಯ ಮೂವತ್ತು ಮನೆಯ ಊರು. ಪಡುವಲಿಗೆ ಸಾವನದುರ್ಗದ ಬಂಡೆ. ಹೊತ್ತು ಬಂಡೆಯ ಹಿಂದೆ ಸರಿದರೆ ಊರಿನ ಮೇಲೆ ಒಮ್ಮೆಲೇ ನೆರಳು ಕವಿಯುತ್ತದೆ. ಬೇರೆ ಊರುಗಳಲ್ಲಿ ಇನ್ನೂ ಬಿಸಿಲಿರುವಾಗ ಅಲ್ಲಿ ದೀಪ ಹಚ್ಚುತ್ತಾರೆ. ದೊಡ್ಡಲಕ್ಷ್ಮಮ್ಮ ಕೆಂಪಾಪುರದ ಕಡೆಯಿಂದ ಆ ಊರಿನ ಬೋರಲಿಂಗಯ್ಯನಿಗೆ ಬಂದವಳು. ಒಕ್ಕಲುತನದ ಮನೆ, ಎರಡು ಜೊತೆ ಎತ್ತು, ಎರಡು ಮಕ್ಕಳು. ಬೋರಲಿಂಗಯ್ಯನ ತಮ್ಮ ತಿಮ್ಮಯ್ಯ. ತಿಮ್ಮಯ್ಯನ ಹೆಂಡತಿ ಮಾಯಮ್ಮ, ಕಾನಕಾನಹಳ್ಳಿ ಕಡೆಯ ಹುಡುಗಿ, ಮದುವೆಯಾಗಿ ನಾಲ್ಕು ವರ್ಷ, ಮಡಿಲು ತುಂಬಿರಲಿಲ್ಲ. ಓರಗಿತ್ತಿಯರಿಬ್ಬರದೂ ಒಂದೇ ಒಲೆ. ಒಬ್ಬಳು ಊದುವಳು, ಇನ್ನೊಬ್ಬಳು ಮುದ್ದೆ ತೊಳಸುವಳು. ಜಗಳವಾಡಿದರೆ ಒಂದು ಹೊತ್ತು, ಅಷ್ಟೇ.

ಸಾವಿರದ ಒಂಬೈನೂರ ಮೂರನೇ ಇಸವಿ ಇರಬೇಕು. ಒಂದು ಬೆಳಿಗ್ಗೆ ಸಿದ್ದಗಂಗಯ್ಯನ ಅಂಗಡಿಯ ಜಂತೆಯಿಂದ ಇಲಿ ಬಿತ್ತು. ಸಿದ್ದಗಂಗಯ್ಯ ಊರಿಗೆ ಉಪ್ಪು ಎಣ್ಣೆ ಮಾರುವವನು, ಬಸವಣ್ಣನ ಗುಡಿಯ ಪೂಜೆ ಅವನದು, ಪಂಚಾಯಿತಿಯಲ್ಲಿ ಕೊನೆಯ ಮಾತೂ ಅವನದೇ. ಮಧ್ಯಾಹ್ನದೊಳಗೆ ಊರು ಖಾಲಿಯಾಗಬೇಕು ಅಂದ. ಗಾಡಿ ಕಟ್ಟಿದರು, ಕೋಳಿಯ ಕಾಲು ಕಟ್ಟಿದರು, ಬೀಜದ ರಾಗಿಯ ಮೂಟೆ ಹೇರಿದರು. ಮಾಯಮ್ಮ ಏಳಲಿಲ್ಲ. ಹಿಂದಿನ ದಿನದಿಂದ ಕೆಂಡದಂಥ ಜ್ವರ. ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ.

ಅವಳನ್ನು ಬಿಟ್ಟು ಹೋಗೋಣ ಅಂತ ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಇಂಥ ಕೆಲಸ ಹೀಗೇ ನಡೆಯುವುದು. ಯಾರೂ ಪೂರ್ತಿ ಮಾಡುವುದಿಲ್ಲ, ಒಬ್ಬೊಬ್ಬರು ಒಂದೊಂದು ಚೂರು ಮಾಡುತ್ತಾರೆ. ಕಳ್ಳರು ನುಗ್ಗಬಾರದು ಅಂತ ಅಣ್ಣತಮ್ಮ ಸೇರಿ ಅಂಗಳದ ಒರಳುಕಲ್ಲನ್ನು ಉರುಳಿಸಿಕೊಂಡು ಹೋಗಿ ಹಿತ್ತಲ ಬಾಗಿಲಿಗೆ ಒತ್ತಿ ನಿಲ್ಲಿಸಿದರು. ಬೋರಲಿಂಗಯ್ಯ ಮಕ್ಕಳಿಬ್ಬರ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಹೋಗಿ ಎತ್ತು ಹಿಡಿದುಕೊಂಡ. ದೊಡ್ಡಲಕ್ಷ್ಮಮ್ಮ ಮಾಯಮ್ಮನ ತಲೆದೆಸೆಗೆ ಒಂದು ಗಡಿಗೆ ನೀರು, ಮೂರು ಮುದ್ದೆ ಇಟ್ಟಳು. "ಬೇಗ ಬತ್ತೀವಿ ಕಣವ್ವ" ಅಂದಳು. ಹೊರಗೆ ಬಂದು ಬಾಗಿಲೆಳೆದು ಚಿಲಕ ಹಾಕಿದಳು. ಆ ದಿನ ಊರಿನ ಮೂವತ್ತು ಬಾಗಿಲಿಗೂ ಹೊರಗಿನಿಂದ ಚಿಲಕ ಬಿತ್ತು. ಒಳಗೆ ಮನುಷ್ಯರಿದ್ದದ್ದು ಒಂದೇ ಮನೆಯಲ್ಲಿ.

ಎರಡು ಹೊಲ ದಾಟಿ ಗುಡಿಸಲು ಹಾಕಿದರು. ಮಾಯಮ್ಮನನ್ನು ತವರಿಗೆ ಕಳಿಸಿದ್ದೇವೆ ಅಂತ ಬೋರಲಿಂಗಯ್ಯ ಹೇಳಿದ. ಯಾವ ಗಾಡಿಯಲ್ಲಿ ಕಳಿಸಿದೆ ಅಂತ ಒಬ್ಬರೂ ಕೇಳಲಿಲ್ಲ. ಊರಿನ ಗಾಡಿಗಳೆಲ್ಲ ಅವರ ಕಣ್ಣ ಮುಂದೆಯೇ ನಿಂತಿದ್ದವು.

ಮಾರನೆಯ ದಿನ ಬಂಡೆಯ ನೆರಳು ಬಿದ್ದ ಹೊತ್ತಿಗೆ ಊರಿನ ಕಡೆಯಿಂದ ಕೂಗು ಬಂತು.

ಲಕ್ಷ್ಮಕ್ಕಾ.

ದಾರದಂಥ ದನಿ. ಗಾಳಿ ತಂದು ಕೊಟ್ಟ ಹಾಗೆ ಬಂತು, ಗಾಳಿ ನಿಂತಾಗ ನಿಂತಿತು. ಮುದ್ದೆ ನುಂಗುತ್ತಿದ್ದವರು ಹಾಗೇ ಕೂತರು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಆ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಕಟ್ಟಳೆ ಇದು: ಮಾರಿಯ ಕಾಲದಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ತಕ್ಷಣ ಓಗೊಡಬಾರದು. ಮಾರಿ ನಮ್ಮವರ ದನಿಯಲ್ಲೇ ಕೂಗುತ್ತಾಳೆ, ಓಗೊಟ್ಟವರನ್ನು ಕರೆದುಕೊಂಡು ಹೋಗುತ್ತಾಳೆ. ಆದರೆ ಎರಡೇ ಸಲ ಕೂಗುತ್ತಾಳೆ. ಮೂರನೆಯ ಸಲ ಕೂಗುವುದು ಮನುಷ್ಯರು ಮಾತ್ರ. ಮೂರನೆಯದಕ್ಕೆ ಕಾದು ಓಗೊಡಬೇಕು. ಸಿದ್ದಗಂಗಯ್ಯ ಇದಕ್ಕೆ ತನ್ನದೊಂದು ಸೇರಿಸಿದ. ಗುಡಿಯಿಂದ ತಂದಿದ್ದ ಜಾಗಟೆಯನ್ನು ಗವಿಸಿದ್ದಯ್ಯನ ಕೈಗೆ ಕೊಟ್ಟು, ಎರಡನೆಯ ಕೂಗು ಮುಗಿಯುತ್ತಲೂ ಬಡಿ, ಸದ್ದಿಗೆ ಹೆದರಿ ಹಿಂದಕ್ಕೆ ಹೋಗುತ್ತಾಳೆ ಅಂದ. ಗವಿಸಿದ್ದಯ್ಯ ಊರಿನ ನಗೆಗಾರ, ಅವನೂ ಅಂದು ನಗಲಿಲ್ಲ. ಕೈ ಸೋಲುವ ತನಕ ಬಡಿದ. ನಿಲ್ಲಿಸಿದಾಗ ಊರು ಸುಮ್ಮನಿತ್ತು.

ಮೂರನೆಯ ದಿನ ಬೆಳಿಗ್ಗೆ ಊರಿನ ನಡುವಿನಿಂದ ಹೊಗೆ ಎದ್ದಿತು. ಒಂದೇ ಒಂದು ಎಳೆ. ಯಾರ ಮನೆಯ ಹೆಂಚಿನದು ಅಂತ ದೊಡ್ಡಲಕ್ಷ್ಮಮ್ಮನಿಗೆ ಗೊತ್ತಾಯಿತು. ಅವಳೇ ದಿನಾ ಊದುತ್ತಿದ್ದ ಒಲೆ. ಮಾರಿ ಒಲೆ ಹಚ್ಚವಳೆ ಅಂತ ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ತಿಮ್ಮಯ್ಯ ಅವತ್ತಿನಿಂದ ಊರಿಗೆ ಬೆನ್ನು ಹಾಕಿ ಕೂರುವುದಕ್ಕೆ ಶುರು ಮಾಡಿದ. ಉಣ್ಣುವಾಗಲೂ ಹಾಗೇ, ಮಲಗುವಾಗಲೂ ಹಾಗೇ.

ಆಮೇಲೆ ಕೂಗು ಬೇರೆಯವರ ಮನೆಗೂ ಹೋಯಿತು. ಲಕ್ಷ್ಮಕ್ಕ ಮುಗಿದು ಸುಂದರಮ್ಮ, ಸುಂದರಮ್ಮ ಮುಗಿದು ಗವಿಸಿದ್ದಣ್ಣ, ಸಿದ್ದಗಂಗಣ್ಣ. ಬೀದಿಯಲ್ಲಿ ಮನೆಗಳು ಇದ್ದ ಸಾಲಿನಲ್ಲೇ ಹೆಸರುಗಳು ಬಂದವು. ಖಾಲಿ ಬೀದಿಯಲ್ಲಿ ಯಾರೋ ಬಾಗಿಲಿಂದ ಬಾಗಿಲಿಗೆ ನಡೆಯುತ್ತಿರುವ ಹಾಗೆ. ಒಂದೊಂದು ಹೆಸರು ಎರಡು ಸಲ, ಕೂಡಲೇ ಜಾಗಟೆ. ತನ್ನ ಹೆಸರು ಬಂದಾಗ ಗವಿಸಿದ್ದಯ್ಯನ ಕೋಲು ಕೈ ಜಾರಿತು. ಬಗ್ಗಿ ಎತ್ತಿಕೊಂಡು ಮತ್ತೂ ಜೋರಾಗಿ ಬಡಿದ. ನಾಲ್ಕನೆಯ ಸಂಜೆಯ ಹೊತ್ತಿಗೆ ಊರಿನ ದೊಡ್ಡವರ ಹೆಸರೆಲ್ಲ ಆಗಿತ್ತು.

ಬಾರದೆ ಉಳಿದದ್ದು ಎರಡು ಹೆಸರು. ಬೋರಲಿಂಗಯ್ಯ, ತಿಮ್ಮಯ್ಯ.

ಮಾರಿ ಅವರನ್ನು ಕೊನೆಗೆ ಇಟ್ಟುಕೊಂಡಿದ್ದಾಳೆ ಅಂತ ಸಿದ್ದಗಂಗಯ್ಯ ಅರ್ಥ ಹೇಳಿದ. ಎಲ್ಲರೂ ಅಣ್ಣತಮ್ಮಂದಿರ ಗುಡಿಸಲಿನಿಂದ ಒಂದು ಮಾರು ದೂರ ಸರಿದರು. ದೊಡ್ಡಲಕ್ಷ್ಮಮ್ಮ ಮಾತ್ರ ಬಾರದೆ ಉಳಿದ ಆ ಎರಡು ಹೆಸರನ್ನೇ ಯೋಚಿಸಿದಳು. ಗಂಡನ ಹೆಸರನ್ನು, ಗಂಡನ ಅಣ್ಣನ ಹೆಸರನ್ನು ಬಾಯಲ್ಲಿ ಆಡದವರು ಯಾರು? ಮಾರಿಗೆ ಯಾವ ಗಂಡ, ಯಾವ ಭಾವ? ಸಾಯುವ ಗಳಿಗೆಯಲ್ಲೂ ಮರ್ಯಾದೆ ಬಿಡದೆ ಊರಿನವರನ್ನೆಲ್ಲ ಕರೆದು, ಕರೆಯಬೇಕಾದವನನ್ನೇ ಕರೆಯದೆ ಇರುವುದು ಒಬ್ಬ ಸೊಸೆ ಮಾತ್ರ. ಇದು ಅವಳಿಗೆ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಂಡು, ಮಕ್ಕಳನ್ನು ಮಗ್ಗುಲಿಗೆ ಎಳೆದುಕೊಂಡು ಮಲಗಿದಳು. ಅವಳನ್ನು ಈಗ ಬಯ್ಯಬೇಡಿ. ಆ ಮೂವತ್ತು ಮನೆಯ ಹೆಂಗಸರಲ್ಲಿ ಎಷ್ಟು ಜನಕ್ಕೆ ಹೊಳೆದಿತ್ತೋ ಯಾರಿಗೆ ಗೊತ್ತು. ಹೇಳಿಕೊಂಡವಳು ಇವಳೊಬ್ಬಳು.

ಐದನೆಯ ದಿನ ಬೆಳಿಗ್ಗೆ ಕೂಗು ಬರಲಿಲ್ಲ. ಹೊಗೆಯೂ ಏಳಲಿಲ್ಲ. ಮಾರಿ ಗಡಿ ದಾಟಿದಳು ಅಂತ ಜನ ಉಸಿರು ಬಿಟ್ಟರು. ದೊಡ್ಡಲಕ್ಷ್ಮಮ್ಮ ಮುದ್ದೆ ತೊಳಸುತ್ತಾ ಕೈ ನಿಲ್ಲಿಸಿ ನಿಲ್ಲಿಸಿ ಕಿವಿಗೊಟ್ಟಳು. ಮುದ್ದೆ ಗಂಟುಕಟ್ಟಿತು.

ಅವತ್ತು ಮಧ್ಯಾಹ್ನ ನರಸಯ್ಯ ಬಂದ. ನರಸಯ್ಯ ಕ್ಲೋಸ್‌ಪೇಟೆಯ ಕಿರಸ್ತಾನ ಉಪದೇಶಿ; ಈಗಿನ ರಾಮನಗರವೇ ಆಗಿನ ಕ್ಲೋಸ್‌ಪೇಟೆ. ಕರಿ ಕೊಡೆ, ಹೆಗಲಿಗೆ ಚೀಲ, ಚೀಲದ ತುಂಬ ಸಣ್ಣ ಪುಸ್ತಕ. ಮಾಗಡಿ ದಾರಿಯ ಊರುಗಳಿಗೆಲ್ಲ ನಡೆದೇ ಹೋಗುವವನು. ಸೀಗೆಪಾಳ್ಯಕ್ಕೆ ಹಿಂದೆಯೂ ಎರಡು ಸಲ ಬಂದಿದ್ದ. ಮೊದಲ ಸಲ ಜನ ಮಜ್ಜಿಗೆ ಕೊಟ್ಟು, ಎಲ್ಲಾ ದೇವರೂ ಒಂದೇ ಬುಡಿ ಸ್ವಾಮಿ ಅಂತ ಕಳಿಸಿದ್ದರು. ಎರಡನೆಯ ಸಲ ಗವಿಸಿದ್ದಯ್ಯ, ನಿಮ್ಮ ಜಾತಿಗೆ ಸೇರಿದರೆ ಜಮೀನು ಎಷ್ಟು ಕೊಡುತ್ತೀರಿ, ನೀರಾವರಿಯೋ ಖುಷ್ಕಿಯೋ ಅಂತ ಕೇಳಿ ಎಲ್ಲರನ್ನೂ ನಗಿಸಿದ್ದ. ಈ ದೇಶದಲ್ಲಿ ಆ ಸುವಾರ್ತೆಗೆ ಸಿಗುವ ಉತ್ತರಗಳು ಹೆಚ್ಚುಕಮ್ಮಿ ಇವೆರಡೇ. ಒಂದರಲ್ಲಿ ಮರ್ಯಾದೆ, ಒಂದರಲ್ಲಿ ತಮಾಷೆ. ಎರಡರಲ್ಲೂ ಕೇಳಿಸಿಕೊಳ್ಳುವ ತೊಂದರೆ ಇಲ್ಲ.

ಈ ಸಲ ಹೆದರಿದ್ದರು, ಸುತ್ತ ಬಂದು ಕೂತರು. ಪ್ಲೇಗು ಬಿದ್ದ ಊರಿನ ಹತ್ತಿರ ಸರ್ಕಾರದವರೇ ಸುಳಿಯದಿದ್ದಾಗ ಈತ ಬಂದಿದ್ದಾನಲ್ಲ ಅನ್ನುವುದೂ ಇತ್ತು. ನರಸಯ್ಯ ಕಲ್ಲಿನ ಮೇಲೆ ಕೂತು ಯೇಸುಸ್ವಾಮಿಯ ಕಥೆ ತೆಗೆದ. ಸ್ವಾಮಿಗೆ ಬೇಕಾದವನೊಬ್ಬ ಸತ್ತಿದ್ದ. ಗವಿಯೊಳಗೆ ಇಟ್ಟು ಬಾಯಿಗೆ ಕಲ್ಲು ಮುಚ್ಚಿದ್ದರು. ಸ್ವಾಮಿ ಅಲ್ಲಿಗೆ ಹೋಗುವ ಹೊತ್ತಿಗೆ ನಾಲ್ಕು ದಿನವಾಗಿತ್ತು.

"ನಾಕು ದಿನದ ಹೆಣ ಅಂದ್ರೆ ವಾಸ್ನೆ ಬರಾಕಿಲ್ವಾ ಐನೋರೆ?" ಅಂದ ಗವಿಸಿದ್ದಯ್ಯ.

"ಅಲ್ಲಿದ್ದೋರೂ ಅದನ್ನೇ ಅಂದ್ರು," ಎಂದ ನರಸಯ್ಯ. "ಸ್ವಾಮಿ ಕೇಳಲಿಲ್ಲ. ಕಲ್ಲು ಸರಿಸಿ ಅಂದ. ಸತ್ತೋನಿಗೆ ಹೇಳಿದ್ದಲ್ಲಪ್ಪ ಅದು, ಸುತ್ತ ನಿಂತಿದ್ದೋರಿಗೆ ಹೇಳಿದ್ದು. ಮುಚ್ಚಿದೋರೇ ಸರಿಸಬೇಕಾಗಿತ್ತು. ಆಮೇಲೆ ಹೆಸರು ಹಿಡಿದು ಕೂಗಿದ."

ಕಲ್ಲು ಅಂದಾಗ ಬೋರಲಿಂಗಯ್ಯನೂ ತಿಮ್ಮಯ್ಯನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣು ತಪ್ಪಿಸಿದ್ದನ್ನು ದೊಡ್ಡಲಕ್ಷ್ಮಮ್ಮ ಕಂಡಳು.

ಸಿದ್ದಗಂಗಯ್ಯ ಮುಂದಕ್ಕೆ ಬಾಗಿದ. "ಎಷ್ಟು ಸಲ?"

"ಏನು ಎಷ್ಟು ಸಲ?"

"ಹೆಸರು ಹಿಡ್ದು ಎಷ್ಟು ಸಲ ಕೂಗ್ದ ನಿಮ್ಮ ಸಾಮಿ?"

"ಒಂದೇ ಸಲ."

ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಓಗೊಟ್ನಾ ಅವನು?"

"ಎದ್ದು ಬಂದ," ಎಂದ ನರಸಯ್ಯ. ಅವನ ಮುಖದಲ್ಲಿ ಗೆಲುವಿತ್ತು. ತಾನು ಏನು ಹೇಳಿಬಿಟ್ಟೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವನ ಪಾಲಿಗೆ ಅದು ಸಾವನ್ನು ಗೆದ್ದ ದನಿ. ಕೂತವರ ಪಾಲಿಗೆ ಅದು ಮೂರು ಸಲ ಕೂಗದ ದನಿ, ಓಗೊಟ್ಟವನನ್ನು ಹೆಣದ ಬಟ್ಟೆಯಲ್ಲೇ ನಡೆಸಿಕೊಂಡು ಬಂದ ದನಿ.

"ಹಂಗಾದ್ರೆ ಊರೊಳಗೆ ಕೂಗಿದ್ದು ನಿಮ್ಮೋನೇ ಕಣಯ್ಯ," ಅಂದ ಸಿದ್ದಗಂಗಯ್ಯ.

ನರಸಯ್ಯನ ಮುಖ ಬದಲಾಯಿತು. ಊರೊಳಗೆ ಯಾರು ಕೂಗಿದರು ಅಂತ ಕೇಳಿದ. ಇನ್ನೊಮ್ಮೆ ಕೇಳಿದ. ಅಷ್ಟು ಜನವೂ ತಮ್ಮ ತಮ್ಮ ಕಾಲಬೆರಳು ನೋಡುತ್ತಾ ಕೂತಿತ್ತು. ಮೂರನೆಯ ಸಲ ಕೇಳುವುದಕ್ಕೆ ಬಾಯಿ ತೆಗೆದ. ಅಷ್ಟರಲ್ಲಿ ಗವಿಸಿದ್ದಯ್ಯನ ಕೈಯಿಂದ ಮೊದಲ ಮಣ್ಣುಹೆಂಟೆ ಹಾರಿತು. ಹೆಂಟೆಯ ಮೇಲೆ ಹೆಂಟೆ ಬಿದ್ದವು. ನರಸಯ್ಯ ಕೊಡೆ ಅಡ್ಡ ಹಿಡಿದುಕೊಂಡು ಕ್ಲೋಸ್‌ಪೇಟೆ ದಾರಿ ಹಿಡಿದ. ಚೀಲದಿಂದ ಬಿದ್ದ ಪುಸ್ತಕಗಳನ್ನು ಕೋಲಿನಿಂದ ಒಲೆಗೆ ತಳ್ಳಿದರು. ಕೈಯಲ್ಲಿ ಮುಟ್ಟಲಿಲ್ಲ.

ದೊಡ್ಡಲಕ್ಷ್ಮಮ್ಮನಿಗೆ ಪಾಪ, ರಕ್ಷಣೆ, ಪರಲೋಕ ಒಂದೂ ತಲೆಗೆ ಹತ್ತಿರಲಿಲ್ಲ. ಹತ್ತಿದ್ದು ಒಂದೇ ಮಾತು. ಮುಚ್ಚಿದವರೇ ಸರಿಸಬೇಕು. ಅವಳ ಬಲಗೈಗೆ ಚಿಲಕದ ತಣ್ಣನೆಯ ಕಬ್ಬಿಣ ಮತ್ತೆ ತಗುಲಿದ ಹಾಗಾಯಿತು, ಸೀರೆಗೆ ಒರೆಸಿದರೂ ಹೋಗಲಿಲ್ಲ. ಸೌದೆ ತರುತ್ತೇನೆ ಅಂತ ಹೇಳಿ ಎದ್ದಳು.

ಊರ ಬಾಗಿಲಿಗೆ ಬರುವ ಹೊತ್ತಿಗೆ ಹೊತ್ತು ಬಂಡೆಯ ನೆತ್ತಿಗೆ ತಾಗಿತ್ತು. ನಾಯಿ ಬೊಗಳಲಿಲ್ಲ, ಗುಬ್ಬಿ ಚಿಲಿಗುಟ್ಟಲಿಲ್ಲ. ನಾಲ್ಕು ದಿನದ ಹಿಂದೆ ಹಾಕಿದ್ದ ರಂಗೋಲಿಗಳು ಹಾಗೇ ಇದ್ದವು. ಒಂದರ ನಡುವೆ ಇಲಿ ಸತ್ತು ಇರುವೆ ಮುತ್ತಿತ್ತು. ಬೀದಿಯ ಎರಡೂ ಕಡೆ ಚಿಲಕ ಹಾಕಿದ ಬಾಗಿಲುಗಳು. ಒಂದೊಂದು ಬಾಗಿಲು ದಾಟುವಾಗಲೂ ಅದರ ಹಿಂದೆ ಯಾರೋ ಕಿವಿ ಹಚ್ಚಿ ನಿಂತ ಹಾಗೆ ಅನ್ನಿಸಿತು. ಹೆಸರು ಕರೆಸಿಕೊಂಡವರೆಲ್ಲ ತಮ್ಮ ತಮ್ಮ ಮನೆಯೊಳಗೆ ಬಂದು ಕೂತಿದ್ದಾರೆ, ಹೊಲದಲ್ಲಿ ಇರುವುದು ಬರೀ ನೆರಳು, ಅಂತ ಅನ್ನಿಸಿತು. ತಾನೂ ಅಲ್ಲೇ ಎಲ್ಲೋ ಒಳಗೆ ಕೂತಿದ್ದೇನೆ ಅನ್ನಿಸಿದಾಗ ಕೈ ಕಚ್ಚಿಕೊಂಡಳು. ನೋವಾಯಿತು. ನಡೆದಳು.

ತನ್ನ ಮನೆಯ ಬಾಗಿಲಿಗೆ ಬಂದು ಚಿಲಕದ ಮೇಲೆ ಕೈಯಿಟ್ಟು, "ಮಾಯೀ" ಅಂತ ಕೂಗಿದಳು.

ಇಲ್ಲ.

ಇನ್ನೊಮ್ಮೆ ಕೂಗಿದಳು. ಇಲ್ಲ. ಹೊಸ್ತಿಲ ಮೇಲೆ ಕೂತಳು. ಎದ್ದು ಓಡಿಹೋಗಬೇಕು ಅನ್ನಿಸುತ್ತಿದ್ದಾಗಲೇ ನೆನಪಾಯಿತು. ಒಳಗಿರುವವಳೂ ಅದೇ ಕಟ್ಟಳೆ ಕೇಳಿ ಬೆಳೆದವಳೇ. ಅವಳೂ ಕಾಯುತ್ತಿದ್ದರೆ?

ಮೂರನೆಯ ಸಲ ಕೂಗಿದಳು.

ಒಳಗೆ ನೆಲದ ಮೇಲೆ ಏನೋ ಎಳೆದ ಸದ್ದಾಯಿತು. ಬಾಗಿಲ ಬುಡದ ಸಂದಿಯಿಂದ, ಮಣ್ಣು ಉದುರಿದ ಹಾಗೆ, ದನಿ ಬಂತು. "ಅಕ್ಕಾ. ನೀನು ನೀನೇನಾ?"

ಚಿಲಕ ತೆಗೆದಳು. ಮಾಯಮ್ಮ ಬಾಗಿಲ ಬುಡದಲ್ಲಿ ಮುದುರಿ ಬಿದ್ದಿದ್ದಳು. ಗೆಡ್ಡೆ ಒಡೆದು ರವಿಕೆ ಒಣಗಿ ಅಂಟಿತ್ತು. ಕಣ್ಣು ಗುಳಿಯೊಳಗೆ ಇಳಿದಿದ್ದವು. ಹಿತ್ತಲ ಬಾಗಿಲನ್ನು ಕೆರೆದೂ ಕೆರೆದೂ ಉಗುರು ಕಿತ್ತು ಹೋಗಿದ್ದವು. ಗಡಿಗೆ ಹಿಂದಿನ ದಿನವೇ ಬರಿದಾಗಿತ್ತು, ನಾಲಿಗೆ ಒಣಗಿ ಕೂಗು ನಿಂತಿತ್ತು. ದೊಡ್ಡಲಕ್ಷ್ಮಮ್ಮ ಬಾವಿಗೆ ಓಡಿ ನೀರು ಸೇದಿ ತಂದಳು, ಬೆರಳಿನಿಂದ ತುಟಿಗೆ ಹನಿಸಿದಳು, ಆಮೇಲೆ ಬೊಗಸೆಯಲ್ಲಿ ಕುಡಿಸಿದಳು. ಮಾತು ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಯಾಕಕ್ಕ ಓಗೊಡ್ಲಿಲ್ಲ?"

"ಎರಡೇ ಸಲ ಕೂಗಿದ್ಯಲ್ಲೇ. ಮಾರಿ ಅಂದ್ಕಂಡ್ವು."

ಮಾಯಮ್ಮ ಅವಳ ಮುಖವನ್ನೇ ನೋಡಿದಳು. "ಮೂರು ಸಲ ಕೂಗ್ದೆ ಕಣಕ್ಕ. ಒಬ್ಬೊಬ್ರುನ್ನೂ ಮೂರು ಮೂರು ಸಲ. ನಂಗೊತ್ತಿಲ್ವಾ ಕಟ್ಲೆ? ಎರಡು ಆಗ್ತಿದ್ದಂಗೇ ನಿಮ್ಮ ಜಾಗಟೆ ಸುರುವಾಗೋದು."

ಕೇಳಿದಿರಲ್ಲ. ಮನುಷ್ಯರೋ ಮಾರಿಯೋ ಅಂತ ತಿಳಿಯುವುದಕ್ಕೆ ಊರಿಗೆ ಇದ್ದದ್ದು ಒಂದೇ ದಾರಿ. ಆ ದಾರಿಯ ಮೇಲೇ ಜಾಗಟೆ ಬಡಿದರು.

ದೊಡ್ಡಲಕ್ಷ್ಮಮ್ಮ ಆಗ ಹೇಳಿದಳು, "ಚಿಲಕ ಹಾಕ್ದೋಳು ನಾನೇ ಕಣೆ ಮಾಯಿ."

"ಗೊತ್ತು. ಬಳೆ ಸದ್ದು ಕೇಳ್ತು. ಅದ್ಕೇ ಮೊದ್ಲು ನಿನ್ನೇ ಕೂಗಿದ್ದು."

ಹೆಗಲು ಕೊಟ್ಟು ಎಬ್ಬಿಸಿಕೊಂಡು ಹೊಲದ ಬದುವಿಗೆ ಬಂದಾಗ ನೆರಳು ಕವಿದಿತ್ತು, ಗುಡಿಸಲುಗಳಲ್ಲಿ ದೀಪ ಹಚ್ಚಿದ್ದರು. ಖಾಲಿ ಊರಿನಿಂದ ಎರಡು ಆಕಾರ ಒಂದಕ್ಕೊಂದು ಅಂಟಿಕೊಂಡು ಬರುತ್ತಿರುವುದನ್ನು ಜನ ಕಂಡರು. ಹತ್ತಿರ ಹೋಗುವುದಕ್ಕೆ ಧೈರ್ಯವಾಗದೆ ದೊಡ್ಡಲಕ್ಷ್ಮಮ್ಮ ಬದುವಿನ ಮೇಲೇ ನಿಂತು ಸಿದ್ದಗಂಗಣ್ಣಾ ಅಂತ ಕೂಗಿದಳು. ಎರಡನೆಯ ಸಲ ಕೂಗಿದಳು. ಜಾಗಟೆ ಎದ್ದಿತು. ಮೂರನೆಯ ಕೂಗು ಅವಳ ಕಿವಿಗೇ ಕೇಳಿಸಲಿಲ್ಲ. ತಿಮ್ಮಯ್ಯ ಎದ್ದು ನಿಂತದ್ದು ದೀಪದ ಬೆಳಕಿನಲ್ಲಿ ಕಂಡಿತು. ನಿಂತ. ಮತ್ತೆ ಕೂತ. ಬೋರಲಿಂಗಯ್ಯ ಮಕ್ಕಳನ್ನು ಗುಡಿಸಲ ಹಿಂದಕ್ಕೆ ಕರೆದುಕೊಂಡು ಹೋದ.

ಇಬ್ಬರೂ ದಾರಿ ಬದಿಯ ಹುಣಸೆಮರದ ಬುಡದಲ್ಲಿ ಬಿದ್ದುಕೊಂಡರು. ಬೆಳಿಗ್ಗೆ ನರಸಯ್ಯ ಅದೇ ದಾರಿಯಲ್ಲಿ ಬಾಡಿಗೆ ಗಾಡಿ ಹೊಡೆಸಿಕೊಂಡು ಬಂದ. ಯಾರು ಕೂಗಿದರು ಅಂತ ಅವನು ಕೇಳಿದ್ದ ಮಾತಿಗೆ ಉತ್ತರ ಸಿಕ್ಕಿರಲಿಲ್ಲವಲ್ಲ, ಮನಸ್ಸು ತಡೆಯದೆ ಹಿಂದಿರುಗಿದ್ದ. ಇಬ್ಬರನ್ನೂ ಗಾಡಿಗೆ ಹತ್ತಿಸಿಕೊಂಡು ಕ್ಲೋಸ್‌ಪೇಟೆಗೆ ಹೋದ.

ಮಾಯಮ್ಮ ಬದುಕಿದಳು. ಸೀಗೆಪಾಳ್ಯದಲ್ಲಿ ಹನ್ನೊಂದನೆಯ ದಿನ ಅವಳ ತಿಥಿ ಮಾಡಿದರು. ಬದುಕಿದ್ದಾಳೆ ಅಂತ ಗೊತ್ತಿದ್ದೇ ಮಾಡಿದರು. ಮುಂದಿನ ವರ್ಷ ತಿಮ್ಮಯ್ಯನಿಗೆ ಬೇರೆ ಹೆಣ್ಣು ತಂದರು. ಮಾಯಮ್ಮ ಕ್ಲೋಸ್‌ಪೇಟೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ಸುತ್ತಿ ಬದುಕು ಕಟ್ಟಿಕೊಂಡಳು. ದೊಡ್ಡಲಕ್ಷ್ಮಮ್ಮನನ್ನು ಬೋರಲಿಂಗಯ್ಯ ಬಂದು ಕರೆದ. ಚಿಲಕದ ಮಾತು ಎತ್ತಬಾರದು ಅಂದ. ಮಕ್ಕಳಿಗಾಗಿ ಹೋದಳು. ಹೋದ ದಿನವೇ ಎತ್ತಿದಳು. ಊರಿಗೆ ಹೊಸ ಸೊಸೆ ಬಂದಾಗಲೆಲ್ಲ ಅವಳ ಮುಂದೆ ಹೋಗಿ ಕೂತು, ನಾನು ಚಿಲಕ ಹಾಕಿದವಳು ಅಂತ ಶುರು ಮಾಡುವಳು.

ನರಸಯ್ಯ ಕಾಣಲು ಬಂದಾಗಲೆಲ್ಲ ಅವಳನ್ನೂ ಕೇಳುತ್ತಿದ್ದ, ದೀಕ್ಷಾಸ್ನಾನಕ್ಕೆ ನೀನು ಯಾವಾಗಮ್ಮ ಬರೋದು ಅಂತ. "ನೀವು ಅಂದ ಒಂದು ಮಾತು ಮಾಡಿವ್ನಿ ಸ್ವಾಮಿ. ಮಿಕ್ಕಿದ್ದಕ್ಕೆ ಒಸಿ ತಡೀರಿ," ಅನ್ನುವಳು. ಅವನಿಗೆ ಅದು ಸಾಲದು. ಬೇಜಾರಿನಿಂದಲೇ ಹೋಗುವನು, ಮತ್ತೆ ಬರುವನು.

ವರ್ಷಕ್ಕೊಂದು ಸಲ ಮಾಯಮ್ಮ ಬದುವಿನ ತನಕ ಬಂದು, ಲಕ್ಷ್ಮಕ್ಕಾ ಅಂತ ಮೂರು ಸಲ ಕೂಗುವಳು. ಆ ಹೊತ್ತಿಗೆ ಬೀದಿಯ ಬಾಗಿಲುಗಳು ಸಾಲಾಗಿ ಮುಚ್ಚಿಕೊಳ್ಳುವುವು. ಪ್ಲೇಗಿನ ವರ್ಷ ಹುಟ್ಟಿರದಿದ್ದ ಮಕ್ಕಳೂ ಮುಚ್ಚುವುದು ಕಲಿತಿದ್ದವು. ಮಾಯಮ್ಮನಿಗೆ ತಲೆ ನೆರೆತರೂ, ಕೋಲು ಬಂದರೂ ಆ ಊರಿಗೆ ಅವಳು ಸತ್ತು ಕೂಗುತ್ತಿರುವವಳೇ. ಮೊದಲ ಕೂಗಿಗೇ ಓಗೊಡುತ್ತಿದ್ದವಳು ದೊಡ್ಡಲಕ್ಷ್ಮಮ್ಮ ಒಬ್ಬಳು. ಎರಡನೆಯದಕ್ಕೂ ಓಗೊಡುವಳು, ಮೂರನೆಯದಕ್ಕೂ ಓಗೊಡುವಳು, ಆಮೇಲೆ ಬುತ್ತಿ ಕಟ್ಟಿಕೊಂಡು ಬದುವಿಗೆ ಹೋಗುವಳು.

ಈ ಕಥೆ ಕೇಳಿದವರು ಕೇಳುವ ಪ್ರಶ್ನೆ ಒಂದೇ: ಕೊನೆಗೂ ದೊಡ್ಡಲಕ್ಷ್ಮಮ್ಮ ಕಿರಸ್ತಾನಳಾದಳಾ? ಆಗಲಿಲ್ಲ ಅಂದರೆ ಒಂದು ಕಡೆಯವರಿಗೆ ನೆಮ್ಮದಿ. ಮಾಯಮ್ಮ ಆದಳು ಅಂದರೆ ಇನ್ನೊಂದು ಕಡೆಯವರಿಗೆ ನೆಮ್ಮದಿ. ಒರಳುಕಲ್ಲು ಉರುಳಿಸಿದವರ ಗತಿ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಹೇಳುತ್ತೇನೆ: ಏನೂ ಆಗಲಿಲ್ಲ. ಸುಣ್ಣ ಬಳಿದರು, ಒರಳನ್ನು ಅಂಗಳಕ್ಕೆ ತಂದರು, ಅದರಲ್ಲೇ ಹಬ್ಬಕ್ಕೆ ಹಿಟ್ಟು ರುಬ್ಬಿ ಉಂಡರು.

ಪ್ಲೇಗು ಹೋಯಿತು. ಹಿತ್ತಲ ಕೋಣೆ ಹೋಗಿಲ್ಲ. ಕೆಮ್ಮಿನವಳು, ತೊನ್ನಿನವಳು, ಬುದ್ಧಿ ನೆಟ್ಟಗಿಲ್ಲದವಳು, ಜಾತಿ ಬಿಟ್ಟು ಹೋಗಿ ತಿರುಗಿ ಬಂದವಳು, ಯಾರೋ ಒಬ್ಬರು ನಿಮ್ಮ ಮನೆಯಲ್ಲೂ ಇದ್ದಾರೆ. ತವರಿಗೆ ಕಳಿಸಿದ್ದೇವೆ ಅಂತ ನೀವೂ ಹೇಳಿದ್ದೀರಿ. ಭಜನೆಯೋ, ಪ್ರಾರ್ಥನೆಯೋ, ಬಾಂಗೋ, ಯಾವುದು ನಿಮ್ಮ ಜಾಗಟೆಯೋ ಅದನ್ನು ಒಂದು ಗಳಿಗೆ ಕೆಳಗಿಡಿ. ಎದ್ದು ಹೋಗಿ ಆ ಬಾಗಿಲ ಮುಂದೆ ನಿಲ್ಲಿ. ಅವರ ಹೆಸರು ಹಿಡಿದು ಮೂರು ಸಲ ಕೂಗಿ. ಚಿಲಕ ಹಾಕಿದ ಕೈಯಿಂದಲೇ ಚಿಲಕ ತೆಗೆಯಿರಿ.